ನಮ್ಮಪ್ಪನಿಗೆ ಗೊತ್ತು ಅಂದುಬಿಟ್ಟೆ

ಸುಳ್ಳು ಯಾಕೆ ಹೇಳಲಿ, ಹಕ್ಕಿ ನೋಡುವವರ ಗುಂಪಿಗೆ ನಾನು ಸೇರಿದ್ದು ಹಕ್ಕಿಯ ಮೇಲಿನ ಆಸೆಗಲ್ಲ. ಅವರು ನನ್ನ ಕೈಯಿಂದ ಟೀ ಇಸಕೊಂಡು ಕುಡಿದರು, ಅದಕ್ಕೆ ಸೇರಿದೆ. ನಲವತ್ತು ದಾಟಿದ ಹೆಂಗಸು ಒಂದು ಲೋಟ ಟೀಗೆ ಮರುಳಾದಳು ಅಂತ ನಗುವವರು ನಗಲಿ. ನಮ್ಮ ಬೀದಿಯವರು ಕಾಸಿದ ಟೀಯನ್ನು ಮೇಲಿನ ಬೀದಿಯವರು ಇವತ್ತಿಗೂ ಕುಡಿಯುವುದಿಲ್ಲ. ಕುಡಿಯಲ್ಲ ಅಂತ ಬಾಯಿಬಿಟ್ಟು ಹೇಳುವುದೂ ಇಲ್ಲ, "ಈಗ್ತಾನೆ ಕುಡ್ದು ಬಂದಿ ಕಣವ್ವ" ಅನ್ನುತ್ತಾರೆ. ಎಲ್ಲರೂ ಯಾವಾಗಲೂ ಈಗತಾನೆ ಕುಡಿದೇ ಬಂದಿರುತ್ತಾರೆ, ಪುಣ್ಯವಂತರು.

ನಮ್ಮೂರು ತಾಳವಾಡಿಯಿಂದ ತಿಗನಾರೆ ಕಡೆಗೆ ಹೋಗುವ ದಾರಿಯಲ್ಲಿ ಒಳಕ್ಕೆ ಹೋದರೆ ಸಿಗುತ್ತದೆ. ಊರು ಮುಗಿದ ಕೂಡಲೇ ಹೊಲ, ಹೊಲ ಮುಗಿದ ಕೂಡಲೇ ಆನೆ ಕಂದಕ, ಕಂದಕದ ಆಚೆಗೆ ಕಾಡು. ಒಂದು ಭಾನುವಾರ ಚೆಂಡು ಹೂವಿನ ಹೊಲದಲ್ಲಿ ಕೂಲಿಗೆ ಹೂ ಬಿಡಿಸುತ್ತಿದ್ದೆ. ಹತ್ತು ಹನ್ನೆರಡು ಜನ ಟೋಪಿ ಹಾಕಿಕೊಂಡು, ಕುತ್ತಿಗೆಗೆ ದುರ್ಬೀನು ನೇತುಹಾಕಿಕೊಂಡು ಬದುವಿನ ಮೇಲೆ ಬಂದರು. ಕೊಯಮತ್ತೂರಿನಿಂದ ಕೆಲವರು, ಮೈಸೂರಿನಿಂದ ಕೆಲವರು. ರಜಾ ದಿನ ಕಾಡಂಚಿನಲ್ಲಿ ನಡೆಯುವುದು, ಹಕ್ಕಿ ಎಣಿಸುವುದು, ದಾರಿಯಲ್ಲಿ ಸಿಕ್ಕ ಪ್ಲಾಸ್ಟಿಕ್ಕು ಬಾಟಲಿ ಆರಿಸುವುದು ಅವರ ಕೆಲಸ. ಬಂಡೆಗುಡ್ಡಕ್ಕೆ ದಾರಿ ಯಾವುದು ಅಂತ ಕೇಳಿದರು. ತೋರಿಸಲು ಹೋದೆ. ಹುಲ್ಲಿನೊಳಗೆ ಏನೋ ಕೂಗಿತು. ಅವರು ಪುಸ್ತಕ ತೆಗೆದು ಒಬ್ಬರಿಗೊಬ್ಬರು ವಾದಕ್ಕೆ ನಿಂತರು. "ಅದು ಗೌಜಲು ಸಾರ್, ಜೋಡಿ ಇರ್ತವೆ, ಕಲ್ಲು ಎಸೀಬ್ಯಾಡಿ, ತಾವಾಗೇ ಏಳ್ತವೆ" ಅಂದೆ. ಅಂದು ಬಾಯಿ ಮುಚ್ಚುವುದರೊಳಗೆ ಎರಡೂ ಪುರ್ರಂತ ಎದ್ದವು. ಅಷ್ಟೂ ಜನ ಹಕ್ಕಿ ಬಿಟ್ಟು ನನ್ನ ಮುಖ ನೋಡಿದರು. ವಾಪಸು ಬರುವಾಗ ಬಿಸಿಲಿಗೆ ಬಾಯಾರಿದ್ದರು. ನಮ್ಮ ಮನೆ ಜಗಲಿ ಮೇಲೆ ಕೂತು, ಕೇಳಿ ಟೀ ಮಾಡಿಸಿಕೊಂಡು ಕುಡಿದರು.

ಆಮೇಲೆ ಪ್ರತಿ ಭಾನುವಾರ ನಾನೂ ಹೋದೆ. ಹೊಲದ ಕೆಲಸಕ್ಕೆ ಸೀರೆ ಮೇಲೆ ಗಂಡಸರ ಶರ್ಟು ಹಾಕಿಕೊಳ್ಳುವುದು ನಮಗೆ ರೂಢಿ. ಈಗ ಅದರ ಬದಲಿಗೆ ಗುಂಪಿನ ಹಸಿರು ಶರ್ಟು ಬಂತು. ಕಾಡಿಗೆ ಹಬ್ಬಿದ ಲಂಟಾನ ಗಿಡ ಕಿತ್ತೆವು, ಕೆರೆ ಏರಿಯ ಮೇಲೆ ಕೂತು ಬೆಳ್ಳಕ್ಕಿ ಎಣಿಸಿದೆವು, ಕಂದಕದೊಳಗಿನ ಬ್ರಾಂದಿ ಬಾಟಲಿ ಮೂಟೆ ಕಟ್ಟಿದೆವು. ಗುಂಪು ನಡೆಸುವವರು ಕೊಯಮತ್ತೂರಿನ ಒಬ್ಬ ಕಾಲೇಜು ಮೇಷ್ಟ್ರು. ಅವರದು ತಮಿಳು, ನಮ್ಮ ಜೊತೆ ಪುಸ್ತಕದಲ್ಲಿರುವ ಹಾಗಿನ ಕನ್ನಡ. ನಾನು ಅವರನ್ನು ಸಾರ್ ಅನ್ನುತ್ತಿದ್ದೆ, ಅವರು ನನ್ನನ್ನು ಅಕ್ಕಾ ಅನ್ನುತ್ತಿದ್ದರು. ನಾನು ಹೇಳಿದ ಹಕ್ಕಿಯ ಹೆಸರನ್ನೆಲ್ಲ ಬರೆದುಕೊಳ್ಳುತ್ತಿದ್ದರು. ನನ್ನ ಬಾಯಿಂದ ಬಂದದ್ದನ್ನು ಇನ್ನೊಬ್ಬರು ಬರೆದುಕೊಳ್ಳುತ್ತಾರೆ ಅಂದರೆ ಹೆಂಗಿರುತ್ತದೆ ಅಂತ ನಿಮಗೆ ಹೇಗೆ ಹೇಳಲಿ? ತಲೆ ತಿರುಗುತ್ತದೆ. ನನಗೂ ತಿರುಗಿತು.

ಮರು ವರ್ಷ ಗುಂಪಿಗೆ ರಣಹದ್ದಿನ ಹುಚ್ಚು ಹಿಡಿಯಿತು. ಹುಚ್ಚು ಅಂತ ಈಗ ಅನ್ನುತ್ತಿದ್ದೇನೆ, ಆಗ ನನಗೂ ಕಣ್ಣಲ್ಲಿ ನೀರು ಬಂದಿತ್ತು. ನಮ್ಮೂರ ಶಾಲೆ ಅಂಗಳದಲ್ಲಿ ಸಭೆ ಸೇರಿಸಿ ಸಾರ್ ವಿವರಿಸಿದರು. ಸತ್ತ ದನವನ್ನು ತಿಂದು ಕಾಡು ಚೊಕ್ಕಟ ಮಾಡುವ ಹದ್ದುಗಳು ಈ ಕಡೆ ಬಹಳ ಇದ್ದವಂತೆ, ಈಗ ಬೆರಳೆಣಿಕೆಯಷ್ಟು ಉಳಿದಿವೆಯಂತೆ. ದನಕ್ಕೆ ಕೊಡುವ ಒಂದು ಜಾತಿಯ ನೋವಿನ ಸೂಜಿ ಅವುಗಳಿಗೆ ವಿಷವಂತೆ. ಆ ಸೂಜಿ ಚುಚ್ಚಿಸಿಕೊಂಡ ದನ ಸತ್ತರೆ ಹೂಳಲೇಬೇಕು, ಹೊರಗೆ ಹಾಕಲೇಬಾರದು. ಹಾಗೇ ಸತ್ತ ದನವನ್ನು ಮಾತ್ರ ಹೂಳದೆ ಕಾಡಂಚಿಗೆ ಹಾಕಿದರೆ ಅವು ಮತ್ತೆ ಬರುತ್ತವೆ. ಇಷ್ಟು ಹೇಳಿ, ಎರಡು ಸಲ ಹಾಕಿಸಿ ನೋಡಿದೆವು, ನಾಯಿ ತಿಂದವೇ ಹೊರತು ಒಂದು ಹದ್ದೂ ಇಳಿಯಲಿಲ್ಲ, ಯಾಕೋ ತಿಳಿಯುತ್ತಿಲ್ಲ ಅಂದರು. ಆ ಎರಡು ದನ ಕೊಟ್ಟವನು ನಮ್ಮೂರ ದೊಡ್ಡಮನೆಯ ಯಜಮಾನ. ಹೊಲ, ತೋಟ, ಕೊಟ್ಟಿಗೆ ತುಂಬ ದನ ಇರುವವನು. ನಾನು ಹೂ ಬಿಡಿಸುವುದೂ ಅವನ ಹೊಲದಲ್ಲೇ. ಗುಂಪಿನವರು ಉಳಿದುಕೊಳ್ಳಲು ತೋಟದ ಮನೆ ಬಿಟ್ಟುಕೊಟ್ಟಿದ್ದ, ಹಾಗಾಗಿ ಸಭೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ. "ಅವುಕ್ಕೆ ನಮ್ಮೂರು ಮರ್ತೋಗದ ಸಾರ್" ಅಂತ ನಗೆಯಾಡಿದ.

ನನಗೆ ತಡೆಯಲಾಗಲಿಲ್ಲ. ಎದ್ದು ನಿಂತೆ. "ತೊಗಲು ಬುಡುಸ್ದೆ ಇಡಿ ದನ ಆಕುದ್ರೆ ಅದ್ದು ಇಳಿಯಾಕಿಲ್ಲ ಸಾರ್. ಅದ್ರ ಕೊಕ್ಕಿಗೆ ದನದ ತೊಗಲು ಅರಿಯಾಕಾಗಕಿಲ್ಲ. ತೊಗಲು ಬುಡಿಸಿ, ಒಟ್ಟೆ ಕುಯ್ದು, ಮುಖ ಗಾಳಿ ಕಡಿಗೆ ಮಾಡಿ ಆಕ್ಬೇಕು. ನಮ್ಮಪ್ಪಂಗೆ ಗೊತ್ತು."

ಸಾರ್ ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಯಜಮಾನನೂ ತಟ್ಟಿದ. ಅವನು ಎಲ್ಲರಿಗಿಂತ ಜಾಸ್ತಿ ತಟ್ಟಿದ ಅನ್ನುವುದು ನನ್ನ ಕಣ್ಣಿಗೆ ಬಿತ್ತು, ಬುದ್ಧಿಗೆ ಬೀಳಲಿಲ್ಲ.

ಈ ಚಪ್ಪಾಳೆಯ ಹಿಂದೆ ಏನಿದೆ ಅಂತ ಹೇಳಬೇಕು. ನಮ್ಮಪ್ಪ, ಅವರಪ್ಪ, ಅವರಪ್ಪನ ಅಪ್ಪ, ಎಲ್ಲ ಮೇಲಿನ ಬೀದಿಯವರ ಸತ್ತ ದನ ಹೊರುವವರು. ಯಾರದೋ ಕೊಟ್ಟಿಗೆಯಲ್ಲಿ ಹಸು ಸತ್ತರೆ ಹೇಳಿ ಕಳಿಸುತ್ತಿದ್ದರು, ಹೋಗಬೇಕು. ಉಣ್ಣುತ್ತಿದ್ದರೂ ಎದ್ದು ಹೋಗಬೇಕು. ಕಾಲು ಕಟ್ಟಿ ಬೊಂಬಿಗೆ ಏರಿಸಿ ಕಾಡಂಚಿನ ದಿಣ್ಣೆಗೆ ಹೊತ್ತು, ತೊಗಲು ಬಿಡಿಸಿ, ಉಳಿದದ್ದನ್ನು ಹದ್ದಿಗೆ ಬಿಟ್ಟು ಬರಬೇಕು. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಶಾಲೆಯಲ್ಲಿ ಮೇಷ್ಟ್ರು ನನ್ನನ್ನು ಎಬ್ಬಿಸಿ ಬಾಗಿಲ ಹತ್ತಿರ ಕೂರಿಸಿದರು. ವಾಸನೆ ಬರುತ್ತದೆ ಅಂತ ಹುಡುಗಿಯರು ದೂರು ಹೇಳಿದ್ದರು. ನಾನು ಅವತ್ತು ಸ್ನಾನ ಮಾಡಿಕೊಂಡೇ ಹೋಗಿದ್ದೆ. ಮನೆಗೆ ಬಂದು ಇನ್ನು ಶಾಲೆಗೆ ಹೋಗಲ್ಲ ಅಂತ ಹೊರಳಾಡಿ ಅತ್ತೆ. ಮಾರನೇ ದಿನ ನಮ್ಮಪ್ಪ ದೊಡ್ಡಮನೆ ಮುಂದೆ ನಿಂತು, ಇನ್ಮೇಲೆ ಈ ಕೆಲಸಕ್ಕೆ ನನ್ನ ಕರೀಬ್ಯಾಡಿ ಅಂತ ಹೇಳಿ ಬಂದ. ಆಗ ಈಗಿನ ಯಜಮಾನನ ಅಪ್ಪ ಇದ್ದ.

ಅಷ್ಟು ಹೇಳಿದ್ದಕ್ಕೆ ನಮಗೆ ಊರಲ್ಲಿ ಕೂಲಿ ನಿಂತುಹೋಯಿತು. ಚಾಮರಾಜನಗರದ ಕಡೆ ಕಬ್ಬು ಕಡಿಯಲು ಹೋಗಿ ಎರಡು ವರ್ಷ ಗುಡಿಸಲು ಹಾಕಿಕೊಂಡು ಇದ್ದೆವು. ನಮ್ಮವ್ವ ಅಲ್ಲೇ ಜ್ವರ ಬಂದು ಹೋದಳು. ಆದರೂ ನಮ್ಮಪ್ಪ ಮತ್ತೆ ಆ ಕೆಲಸ ಮುಟ್ಟಲಿಲ್ಲ. ಅವನನ್ನು ನೋಡಿ ನಮ್ಮ ಬೀದಿಯ ಬೇರೆಯವರೂ ಬಿಟ್ಟರು. ನಾವು ಊರಿಗೆ ವಾಪಸಾಗುವ ಹೊತ್ತಿಗೆ ಮೇಲಿನ ಬೀದಿಯವರು ಆಳು ಹಚ್ಚಿ ಗುಂಡಿ ತೋಡಿಸಿ ಹೂಳುವುದನ್ನು ಕಲಿತಿದ್ದರು, ಈಗ ಜೆಸಿಬಿ ಕರೆಸುತ್ತಾರೆ. ನಾನು ಹತ್ತನೇ ಕ್ಲಾಸಿನವರೆಗೆ ಓದಿದೆ. ಅಂಥ ಅಪ್ಪನ ಹೆಸರನ್ನು ನಾನು ನಾಲ್ಕು ಜನರ ಚಪ್ಪಾಳೆಗೆ ಸಭೆಯಲ್ಲಿ ಕೂಗಿ ಹೇಳಿದ್ದು. ಥೂ ನನ್ನ ಜನ್ಮಕ್ಕೆ.

ಮಾರನೇ ಭಾನುವಾರವೇ ಸಾರ್ ಮನೆಗೆ ಬಂದರು. ಚಾಪೆ ಹಾಸುತ್ತೇನೆ ಅಂದರೂ ಬೇಡ ಅಂತ ಬರೀ ನೆಲದ ಮೇಲೆ ಕೂತರು. ನಮ್ಮಪ್ಪನನ್ನು ಐಯಾ ಅಂತ ಕರೆದರು. ಅವನ ವಯಸ್ಸಿಗೆ ಆ ಮರ್ಯಾದೆ ಕೊಟ್ಟು ಕರೆದವರು ಅವರೇ ಮೊದಲು, ಅದನ್ನು ನಾನು ಇಲ್ಲ ಅನ್ನುವುದಿಲ್ಲ. "ಐಯಾ, ನೀವು ತಿಳಿದದ್ದು ಯಾವ ಪುಸ್ತಕದಲ್ಲೂ ಇಲ್ಲ. ಇದು ಕೀಳು ಕೆಲಸ ಅಲ್ಲ, ನಮಗೆ ಇದು ದೊಡ್ಡ ವಿದ್ಯೆ. ಒಂದು ಸಲ ತೋರಿಸಿಕೊಡಿ, ನಮ್ಮವರು ಕಲಿತುಕೊಳ್ಳುತ್ತಾರೆ" ಅಂದರು.

"ನಾನದ ಬುಟ್ಟು ಬಾಳ ಕಾಲ ಆಯ್ತು ಸಾಮಿ. ಮರ್ತೋಗದ" ಅಂದ ನಮ್ಮಪ್ಪ.

ಅವರು ಹೋದ ಮೇಲೆ ನಾನು ಅವನ ಮೇಲೆ ಹರಿಹಾಯ್ದೆ. ಅಷ್ಟು ದೊಡ್ಡವರು ನೆಲದ ಮೇಲೆ ಕೂತು ಕೇಳಿದರೆ ಹಿಂಗಾ ಹೇಳೋದು? ಇದು ಹಿಂದಿನ ಕಾಲದ ಹಾಗಲ್ಲ, ಜೀತ ಅಲ್ಲ, ಕಾಡು ಉಳಿಸುವುದು. ಅವರು ಕಲಿತುಕೊಂಡರೆ ಮುಂದೆ ಅವರೇ ಮಾಡುತ್ತಾರೆ.

ನಮ್ಮಪ್ಪ ಎಲೆಅಡಿಕೆ ಜಗಿಯುತ್ತಾ ಎಲ್ಲ ಕೇಳಿಸಿಕೊಂಡ. ಆಮೇಲೆ, "ಕಲಿಯಾಕೆ ಬಂದೋರ ಕೈ ನೋಡ್ದಾ ಕೂಸು? ಅವ್ರು ಕಲಿಯಾಕಿಲ್ಲ ಕಣವ್ವ. ನೋಡ್ಕಂಡು ಓಯ್ತಾರೆ" ಅಂದ.

ಎರಡು ದಿನ ನಾನು ಅವನನ್ನು ಮಾತಾಡಿಸಲಿಲ್ಲ. ತಟ್ಟೆಯನ್ನು ಮುಂದೆ ಕುಕ್ಕಿ ಎದ್ದು ಹೋಗುತ್ತಿದ್ದೆ. ಗುಂಪಿನಲ್ಲಿ ನನ್ನನ್ನು ಈ ಭಾಗಕ್ಕೆ ಮುಖ್ಯಸ್ಥೆ ಮಾಡುವ ಮಾತಿತ್ತು, ಫೋಟೊ ಹಾಕಿದ ಗುರುತಿನ ಚೀಟಿ ಕೊಡುತ್ತಾರಂತೆ. ಇವನ ಹಠದಿಂದ ಅದು ತಪ್ಪುತ್ತದಲ್ಲ ಅಂತ ಹೊಟ್ಟೆ ಉರಿಯುತ್ತಿತ್ತು. ಮೂರನೇ ದಿನ ಅವನೇ ಬಂದು, "ಆಯ್ತು ಬುಡು. ಒಂದ್ಸಲ ತೋರುಸ್ತಿನಿ. ನಾಕ್ ಜನರ ಮುಂದೆ ನೀನು ಮಾತು ಕೊಟ್ಬುಟ್ಟಿದ್ದೀಯ" ಅಂದ. ನನಗೆ ಖುಷಿಯಾಯಿತು. ಖುಷಿಯಾಯಿತು ಅನ್ನುವುದನ್ನು ಮುಚ್ಚಿಟ್ಟು ಏನು ಪ್ರಯೋಜನ, ಅವತ್ತು ಅವನಿಗೆ ಹುರುಳಿ ಬಸ್ಸಾರು ಮಾಡಿ ಹಾಕಿದೆ.

ತಿಂಗಳು ಕಳೆಯುವುದರೊಳಗೆ ದೊಡ್ಡಮನೆಯ ಒಂದು ಹಸು ಸತ್ತಿತು. ಯಜಮಾನ ಫೋನು ಮಾಡಿದ, ಗುಂಪಿನವರು ಬೆಳಗಿನ ಹೊತ್ತಿಗೆ ಕಾರು ಮಾಡಿಕೊಂಡು ಬಂದರು. ಹಸುವನ್ನು ಟ್ರಾಕ್ಟರಿನಲ್ಲಿ ದಿಣ್ಣೆಗೆ ಸಾಗಿಸಿದ್ದರು. ನಮ್ಮಪ್ಪನಿಗೆ ಒಂದು ಜೊತೆ ಕೈಗವಸು, ಮೂಗಿಗೆ ಬಟ್ಟೆ ಕೊಟ್ಟರು. ಕೈಗವಸು ಹಾಕಿಕೊಂಡರೆ ಕತ್ತಿ ಜಾರುತ್ತದೆ ಅಂತ ಅವನು ಅದನ್ನು ನನ್ನ ಕೈಗೆ ಕೊಟ್ಟ. ಕಲಿಯಬೇಕಾದವರು ಗಾಳಿ ಬರುವ ಕಡೆ ನೋಡಿಕೊಂಡು ದೂರದಲ್ಲಿ ಸಾಲಾಗಿ ನಿಂತರು, ಎಲ್ಲರ ಕೈಯಲ್ಲೂ ಕ್ಯಾಮರಾ. ಹತ್ತಿರ ಬಂದವರು ಸಾರ್ ಮತ್ತು ಯಜಮಾನ ಇಬ್ಬರೇ.

ನಮ್ಮಪ್ಪ ಕತ್ತಿ ಹಾಕುವ ಮುಂಚೆ ಹಸುವಿನ ಮೈಯನ್ನೆಲ್ಲ ಕೈಯಲ್ಲಿ ಸವರಿದ. ಕುತ್ತಿಗೆ ಹತ್ತಿರ ಕೈ ನಿಂತಿತು. ಕೂದಲನ್ನು ಬೆರಳಲ್ಲಿ ಬಿಡಿಸಿ ನೋಡಿ ಕತ್ತಿಯನ್ನು ಕೆಳಗಿಟ್ಟ.

"ಸಾಮಿ, ಇದ್ಕೆ ಸೂಜಿ ಆಕವ್ರೆ. ಮೂರ್ನಾಕು ಕಡೆ ಗುರ್ತದ. ಗಂಟು ಕಟ್ಟದ ನೋಡಿ. ನೀವು ಏಳ್ತೀರಲ್ಲ ನೋವಿನ ಸೂಜಿ, ಅದು ಬಿದ್ದಿದ್ರೆ ಇದ ಅದ್ದಿಗೆ ಆಕ್ಬ್ಯಾಡಿ. ಗುಂಡಿ ತೋಡ್ಸಿ."

ಸಾರ್ ಯಜಮಾನನ ಕಡೆ ತಿರುಗಿದರು. ಯಜಮಾನ ನಗುತ್ತಲೇ ಇದ್ದ. "ಏನ್ಲಾ ನಿಂದು? ಕಾಲ್ ಜಾರಿ ಅಳ್ಳಕ್ಕೆ ಬಿದ್ದು ಸತ್ತದ್ದು ಕಣ್ಲಾ ಅದು. ಸೂಜಿಯಂತೆ ಸೂಜಿ! ಉಣ್ಣೆ ಕಚ್ಚಿದ ಗಂಟು ಸಾರ್ ಅದು. ಇವನ್ಗೆ ವಯಸ್ಸಾಯ್ತು, ಕಣ್ಣು ಸರಿಯಾಗಿ ಕಾಣಾಕಿಲ್ಲ."

ಈಗ ಸಾರ್ ಇಬ್ಬರನ್ನೂ ನೋಡಿದರು. ಒಬ್ಬ ತೋಟದ ಮನೆ ಕೊಟ್ಟವನು, ಹಸು ಕೊಟ್ಟವನು. ಇನ್ನೊಬ್ಬ ಪುಸ್ತಕದಲ್ಲಿ ಇಲ್ಲದ ವಿದ್ಯೆ ಇರುವ ಐಯಾ. ದೂರದಲ್ಲಿ ಕ್ಯಾಮರಾದವರು ಬಿಸಿಲೇರುತ್ತಿದೆ ಅಂತ ಕೂಗುತ್ತಿದ್ದರು. ಸಾರ್ ನಮ್ಮಪ್ಪನ ಹೆಗಲು ಮುಟ್ಟಿ, "ಪರವಾಗಿಲ್ಲ ಐಯಾ, ಹಸುವಿನವರೇ ಇಲ್ಲ ಅಂತ ಹೇಳುತ್ತಿದ್ದಾರಲ್ಲ. ನೀವು ಶುರು ಮಾಡಿ" ಅಂದರು.

ಆ ಹಸು ಕಾಲು ಊದಿ ಒಂದು ವಾರದಿಂದ ಕೊಟ್ಟಿಗೆಯಲ್ಲಿ ಮಲಗಿತ್ತು. ಅದು ನನಗೆ ಗೊತ್ತಿತ್ತು. ಹೂವಿನ ಹೊಲಕ್ಕೆ ಹೋಗುವಾಗ ಬರುವಾಗ ಕಣ್ಣಾರೆ ನೋಡಿದ್ದೆ, ದನದ ಡಾಕ್ಟರರ ಬೈಕು ಎರಡು ಸಲ ಕೊಟ್ಟಿಗೆ ಮುಂದೆ ನಿಂತಿದ್ದನ್ನೂ ನೋಡಿದ್ದೆ. ನಮ್ಮಪ್ಪ ನನ್ನ ಮುಖ ನೋಡಿದ. ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಯಜಮಾನ ಕೂಲಿ ಬಿಡಿಸುತ್ತಾನೆ ಅನ್ನುವ ಹೆದರಿಕೆ ಒಂದು ಪಾಲು ಇತ್ತು. ಉಳಿದ ಮೂರು ಪಾಲು ಆ ಗುರುತಿನ ಚೀಟಿ. ಎಲ್ಲರೂ ದೂರದಿಂದ ಬಂದಿದ್ದಾರೆ, ಈಗ ಜಗಳ ಎಬ್ಬಿಸಿದರೆ ನನ್ನನ್ನು ಏನಂದುಕೊಳ್ಳುತ್ತಾರೆ ಅಂತ ಹಸಿರು ಶರ್ಟಿನ ಗುಂಡಿಯನ್ನು ತಿರುಗಿಸುತ್ತಾ ನಿಂತೆ. ನಮ್ಮಪ್ಪ ಕತ್ತಿ ಎತ್ತಿಕೊಂಡ.

ಅವನು ತೊಗಲು ಬಿಡಿಸಿದ ರೀತಿಯನ್ನು ನಾನು ಮೊದಲ ಸಲ ಹತ್ತಿರದಿಂದ ನೋಡಿದೆ. ಕೈ ಒಂದು ಸಲವೂ ತಡವರಿಸಲಿಲ್ಲ. ಮರೆತುಹೋಗಿದೆ ಅಂದಿದ್ದು ಸುಳ್ಳು, ಮೂವತ್ತು ವರ್ಷದ ಮೇಲಾದರೂ ಬೆರಳಿಗೆ ಎಲ್ಲ ನೆನಪಿತ್ತು. ಕೆಲಸ ಮುಗಿಸಿ ನಾವೆಲ್ಲ ಬಂಡೆ ಮರೆಗೆ ಸರಿದು ಕೂತೆವು. ಮಧ್ಯಾಹ್ನ ಇಳಿಹೊತ್ತಿಗೆ ಮೂರು ಹದ್ದು ಇಳಿದವು. ದೊಡ್ಡ ರೆಕ್ಕೆ, ಬೋಳು ಕುತ್ತಿಗೆ. ಗುಂಪಿನ ಒಬ್ಬ ಹೆಂಗಸು ಬಿಕ್ಕಿ ಅತ್ತಳು, ಗಂಡಸರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಯಜಮಾನನ ಕೈ ಕುಲುಕಲು ಸಾಲು ನಿಂತಿತು. ನಮ್ಮಪ್ಪ ಆಗಲೇ ಕೆರೆಗೆ ಹೋಗಿದ್ದ. ಸಾಯಂಕಾಲ ನಾನು ಹೋಗಿ ನೋಡಿದಾಗಲೂ ಸೊಂಟದವರೆಗಿನ ನೀರಿನಲ್ಲಿ ನಿಂತು ಮಣ್ಣು ಹಾಕಿ ಕೈ ಉಜ್ಜುತ್ತಿದ್ದ. ಬಾ ಅಂದೆ. "ನೀನು ನಡಿ" ಅಂದ.

ಆ ಮೂರು ಹದ್ದು ಬದುಕಿದವೋ, ಎಲ್ಲೋ ಕಾಡೊಳಗೆ ಕುತ್ತಿಗೆ ಜೋತುಬಿದ್ದು ಸತ್ತವೋ, ಯಾರಿಗೂ ತಿಳಿಯದು. ಯಾರೂ ಹುಡುಕಿಕೊಂಡು ಹೋಗಲಿಲ್ಲ. ಮುಂದಿನ ಸಭೆಯಲ್ಲಿ ಯಜಮಾನನಿಗೆ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟರು. ಪೇಪರಿನಲ್ಲಿ ಫೋಟೊ ಬಂತು: ಯಜಮಾನ ನಿಂತಿದ್ದಾನೆ, ಸಾರ್ ನಿಂತಿದ್ದಾರೆ, ಕೆಳಗೆ ಅಂಚಿನಲ್ಲಿ ಕತ್ತಿ ಹಿಡಿದ ಒಂದು ಕೈ ಮಾತ್ರ ಇದೆ. ನನಗೆ ಗುರುತಿನ ಚೀಟಿ ಕೊಟ್ಟರು. ಇಸಕೊಂಡೆ, ಇಲ್ಲ ಅನ್ನಲಿಲ್ಲ.

ಆಮೇಲೊಂದು ಭಾನುವಾರ ಲಂಟಾನ ಕೀಳುವಾಗ ಸಾರ್ ಒಬ್ಬರೇ ಸಿಕ್ಕರು. ಕೇಳಿಯೇಬಿಟ್ಟೆ. ಹಸು ಒಂದು ವಾರದಿಂದ ಕಾಯಿಲೆ ಬಿದ್ದಿತ್ತು, ಡಾಕ್ಟರು ಬಂದಿದ್ದನ್ನು ನಾನೇ ನೋಡಿದ್ದೆ, ನಮ್ಮಪ್ಪ ಹೇಳಿದ್ದು ನಿಜ ಅಂತ ಹೇಳಿದೆ. ಅವರ ಮುಖ ಬಾಡಿತು. ಕಿತ್ತ ಬೇರನ್ನು ಪಕ್ಕಕ್ಕೆ ಎಸೆದರು. "ನನಗೂ ಅನುಮಾನ ಬಂದಿತ್ತು ಅಕ್ಕಾ. ಅವರನ್ನು ಎದುರು ಹಾಕಿಕೊಂಡರೆ ಈ ಊರಲ್ಲಿ ನಮ್ಮ ಕೆಲಸ ನಡೆಯುತ್ತದಾ ಹೇಳಿ? ಹಕ್ಕಿಗೋಸ್ಕರ ಸ್ವಲ್ಪ ತಡಕೊಳ್ಳೋಣ" ಅಂದರು. ಕೆಟ್ಟ ಮನುಷ್ಯ ಅಂತ ಈಗಲೂ ನನಗೆ ಅನ್ನಿಸುವುದಿಲ್ಲ. ಒಳ್ಳೆಯವರೇ. ಅದೇ ಇನ್ನೂ ಉರಿ ಬರಿಸುತ್ತದೆ. ಯಾವ ಹಕ್ಕಿ, ಎಂಥ ಹಕ್ಕಿ? ಹಕ್ಕಿಗೆ ವಿಷ ಹಾಕಿದ್ದು ಗೊತ್ತಾದ ಮೇಲೂ ಹಕ್ಕಿಯ ಹೆಸರು ಹೇಳುತ್ತಾರಲ್ಲ! ಕೈಯಲ್ಲಿದ್ದ ಗುದ್ದಲಿಯನ್ನು ಅಲ್ಲೇ ಬಿಟ್ಟು ಬಂದೆ. ಅವತ್ತಿನಿಂದ ನಾನು ಗುಂಪಿಗೆ ಹೋಗಿಲ್ಲ.

ನಾನು ಬಿಟ್ಟರೆ ಆಯಿತು, ಎಲ್ಲ ಮುಗಿಯಿತು ಅಂದುಕೊಂಡಿದ್ದೆ.

ಮಳೆಗಾಲ ಹಿಡಿದ ಮೇಲೆ ಒಂದು ಬೆಳಿಗ್ಗೆ ಯಜಮಾನ ಮೋಟಾರು ಬೈಕಿನಲ್ಲಿ ನಮ್ಮ ಬೀದಿಗೆ ಬಂದ. ಇಳಿಯಲಿಲ್ಲ. ಮನೆ ಮುಂದೆ ಗಾಡಿ ನಿಲ್ಲಿಸಿ ಹಾರನ್ನು ಹೊಡೆದ. ಕಸ ಗುಡಿಸುತ್ತಿದ್ದವರು, ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದವರು ಎಲ್ಲ ನಿಂತು ನೋಡಿದರು. ನಾನು ಹೊರಗೆ ಬಂದೆ.

"ಎಲ್ಲವ್ವ ನಿಮ್ಮಪ್ಪ? ಎಮ್ಮೆ ಸತ್ತೋಗದ. ಕೆಸರು ಅಂತ ಜೆಸಿಬಿ ಬರಾಕಿಲ್ಲವಂತೆ. ಬರಾಕೇಳು."

"ಗುಂಪಿನೋರು ಬಂದವ್ರಾ?"

"ಅವ್ರ್ಯಾಕೆ ಬರ್ಬೇಕು? ಎಮ್ಮೆ ನಂದು."

ನನಗೆ ಎಲ್ಲಿತ್ತೋ ಸಿಟ್ಟು, ಎಲ್ಲ ಒಟ್ಟಿಗೆ ಬಂತು. "ನಮ್ಮಪ್ಪ ಬರಾಕಿಲ್ಲ. ಅವತ್ತು ಬಂದದ್ದು ಗುಂಪಿಗೆ, ನಿಮ್ಮನೆ ಚಾಕರಿಗಲ್ಲ. ನಿಮ್ಮೆಮ್ಮೆ ನೀವೇ ಊತ್ಕೊಳಿ. ಓಗಿ, ಗಾಡಿ ತಿರುಗ್ಸಿ" ಅಂತ ಇಡೀ ಬೀದಿಗೆ ಕೇಳುವ ಹಾಗೆ ಕಿರುಚಿದೆ. ಕೂಲಿ ಹೋದರೆ ಹೋಗಲಿ ಅಂತಲೇ ಕಿರುಚಿದೆ. ಸಭೆಯಲ್ಲಿ, ದಿಣ್ಣೆಯ ಮೇಲೆ, ಆಡಬೇಕಾದ ಕಡೆ ಆಡದ ಮಾತೆಲ್ಲ ಆಗ ಬಂತು.

ಒಳಗಿನಿಂದ ನಮ್ಮಪ್ಪ ತಲೆ ಬಗ್ಗಿಸಿಕೊಂಡು ಬಾಗಿಲು ದಾಟಿ ಬಂದ. ನಾನು ಅವನ ತೋಳು ಹಿಡಿದುಕೊಂಡೆ. "ನೀನು ಒಳಕ್ಕೋಗಪ್ಪ, ನಾನು ಮಾತಾಡ್ತಿನಿ" ಅಂದೆ. ಅವನು ನನ್ನ ಕೈಯನ್ನು ಮೆಲ್ಲಗೆ ಬಿಡಿಸಿದ. "ಆಗ ಬುಟ್ಟೆ ಅಂದಾಗ ನಂಗೊಂದು ಬಾಯಿತ್ತು ಕೂಸು. ತಿರ್ಗ ಓಗ್ ಮಾಡ್ಬುಟ್ಟು, ಈಗ ಯಾವ್ ಬಾಯಲ್ಲಿ ಇಲ್ಲ ಅನ್ಲಿ?" ಅಂದ. ಬೈದು ಹೇಳಲಿಲ್ಲ, ಲೆಕ್ಕ ಒಪ್ಪಿಸುವವನ ಹಾಗೆ ಹೇಳಿದ.

ಆಮೇಲೆ ಹೆಗಲ ಮೇಲಿದ್ದ ಟವಲನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಯಜಮಾನನಿಗೆ, "ನಡೀರಿ ಬುದ್ದಿ, ಬತ್ತೀನಿ" ಅಂದ.

ಬುದ್ದಿ. ಆ ಮಾತನ್ನು ಅವನ ಬಾಯಲ್ಲಿ ನಾನು ಕಡೇ ಸಲ ಕೇಳಿದ್ದು ಮೂರನೇ ಕ್ಲಾಸಿನಲ್ಲಿದ್ದಾಗ.

ಯಜಮಾನ ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದ. "ಅಂಗ್ ಬಾ ದಾರಿಗೆ" ಅಂತ ಗಾಡಿ ತಿರುಗಿಸಿದ. ಬೀದಿ ತುಂಬ ಕೆಸರಿತ್ತು, ಗಾಡಿ ನಿಧಾನಕ್ಕೆ ಹೋಯಿತು, ನಮ್ಮಪ್ಪ ಅದರ ಹಿಂದೆ ನಡೆದ. ಎಪ್ಪತ್ತು ದಾಟಿದ ಮುದುಕ. ಅವನನ್ನು ಆ ಗಾಡಿಯ ಹಿಂದೆ ಹಚ್ಚಿದವಳು ನಾನು.